ಮಿಲೋ ವಾವ್ರಾನ ಪಿಕಪ್ಪಿಗೆ ತೋಳು ಹಾಕಿಸಿದ್ದು

ಮಿಲೋ ವಾವ್ರಾ ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಪಿಕಪ್ ಕೊಂಡ. ಅದಕ್ಕೆ ಮುಂಚೆ ಅವನು ಹೊಸದು ಅಂತ ಕೊಂಡಿದ್ದು ಬೂಟು, ಟೋಪಿ, ಮತ್ತೆ ಒಂದು ಸಲ ಹಲ್ಲಿನ ಸೆಟ್ಟು. ಮಿಕ್ಕಿದ್ದೆಲ್ಲ ಹರಾಜಿನ ಮಾಲು. ಹಾಗಾಗಿ ಸೆಪ್ಟೆಂಬರಿನ ಒಂದು ಮಂಗಳವಾರ ಅವನು ಆ ಬಿಳಿ ಗಾಡಿಯನ್ನು ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದಾಗ, ಯಾರದ್ದನ್ನೋ ರಿಪೇರಿಗೆ ತಂದಿದ್ದಾನೆ ಅಂದುಕೊಂಡೆ.

ನನ್ನದು ಹೆದ್ದಾರಿ ಪಕ್ಕದ ಅಂಗಡಿ. ಪಿಕಪ್ಪಿಗೆ ಕಂಪನಿಯವರು ಹಾಕದೆ ಬಿಟ್ಟಿದ್ದನ್ನೆಲ್ಲ ನಾನು ಹಾಕುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ನಮ್ಮೂರು ಪ್ಲಮ್ ಫೋರ್ಕ್‌ನಲ್ಲಿ ಜನಕ್ಕಿಂತ ದನ ಹೆಚ್ಚು, ದನಕ್ಕಿಂತ ಅಭಿಪ್ರಾಯ ಹೆಚ್ಚು. ಇಲ್ಲಿ ಮನೆಗೆ ಬಣ್ಣ ಹೊಡೆಸದಿದ್ದರೆ ಯಾರೂ ಕೇಳುವುದಿಲ್ಲ. ಹೊಸ ಪಿಕಪ್ಪನ್ನು ಬಂದದ್ದು ಬಂದ ಹಾಗೆ ಓಡಿಸಿದರೆ ಮಾತ್ರ ಕೇಳುತ್ತಾರೆ. ಅಂಥವನು ಒಂದೋ ಮೇಷ್ಟರಾಗಿರಬೇಕು, ಇಲ್ಲವೇ ಗಾಡಿ ಬಾಡಿಗೆಯದಾಗಿರಬೇಕು.

"ಏನಾದ್ರೂ ಹಾಕಿಸ್ಬೇಕು," ಅಂದ ಮಿಲೋ.

"ಏನು?"

"ಅದೇ ಯೋಚ್ನೆ ಮಾಡ್ತಿದೀನಿ."

ಅವತ್ತಿನ ಮಾತು ಅಷ್ಟೇ. ಮಿಲೋ ಮಾತಾಡಿದರೆ ಮುತ್ತು ಉದುರುತ್ತದೆ. ಅದನ್ನು ಆರಿಸಿಕೊಳ್ಳಲು ನಾವ್ಯಾರೂ ಇದುವರೆಗೆ ಬಗ್ಗಬೇಕಾಗಿ ಬಂದಿಲ್ಲ. ಕೌಂಟರಿನ ಮುಂದೆ ಅರ್ಧ ಗಂಟೆ ನಿಂತು, ನೇತುಹಾಕಿದ್ದ ಕೊಕ್ಕೆ ಸರಪಳಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ ಹೋದ.

ಅವನ ರ್‍ಯಾಂಚು ಊರಿನಿಂದ ಉತ್ತರಕ್ಕೆ ಹದಿನಾಲ್ಕು ಮೈಲಿ. ನೂರಹತ್ತು ಹಸು, ಮರಳುಗುಡ್ಡ, ಗಾಳಿ. ನವೆಂಬರಿನಿಂದ ಏಪ್ರಿಲ್‌ವರೆಗೆ ದನಕ್ಕೆ ದಿನಾ ಬೆಳಿಗ್ಗೆ ಮೇವು ಒಯ್ದು ಹಾಕಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪಿಕಪ್ಪನ್ನು ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ, ನಡೆಯುವವರಿಗಿಂತ ನಿಧಾನವಾಗಿ ಓಡಿಸಬೇಕು. ಇನ್ನೊಬ್ಬರು ಹಿಂದೆ ಬಾಡಿಯಲ್ಲಿ ನಿಂತು, ಆಳೆತ್ತರದ ಹುಲ್ಲಿನ ಸುರುಳಿಯಿಂದ ಪದರ ಪದರವಾಗಿ ಬಿಡಿಸಿ ಕವೆಯಲ್ಲಿ ಕೆಳಗೆ ಎಸೆಯುತ್ತ ಹೋಗಬೇಕು. ದನಗಳು ಹಿಂದೆ ಸಾಲು ಹಿಡಿದು ಬರುತ್ತವೆ. ಎರಡು ಗಂಟೆಯ ಕೆಲಸ. ಎಸೆಯುವವನು ಮಿಲೋ. ಓಡಿಸುವವಳು ಅವನ ಹೆಂಡತಿ ಆರ್ಡಿಸ್.

ಹೆಂಡತಿ ಅಂದೆ. ಅದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಒಂದು ಮೇ ತಿಂಗಳಲ್ಲಿ ಆರ್ಡಿಸ್ ಎರಡು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ ಹಾಕಿಕೊಂಡು ಊರಿಗೆ ಬಂದು ಚರ್ಚಿನ ಹಿಂದಿನ ಸಣ್ಣ ಮನೆ ಹಿಡಿದಳು. ಹೊಡೆತ ಬಡಿತ ಇರಲಿಲ್ಲ, ಕುಡಿತ ಇರಲಿಲ್ಲ, ಇನ್ನೊಬ್ಬಳೂ ಇರಲಿಲ್ಲ. "ಇಪ್ಪತ್ಮೂರು ವರ್ಷ ಗೋಡೆ ಜತೆ ಮಾತಾಡ್ದೆ. ಗೋಡೇನೇ ವಾಸಿ, ಅದು ಬೂಟು ಹಾಕ್ಕೊಂಡು ಅಡುಗೆಮನೆಗೆ ಬರಲ್ಲ," ಅಂತ ನನ್ನ ಹೆಂಡತಿಯ ಹತ್ತಿರ ಹೇಳಿದ್ದಳಂತೆ. ಕೋರ್ಟು ವಿಚ್ಛೇದನ ಕೊಟ್ಟಿತು. ಪಾದ್ರಿ ಒಪ್ಪಲಿಲ್ಲ. ಹಾಗಾಗಿ ಸರ್ಕಾರದ ಕಣ್ಣಿಗೆ ಅವರು ಬೇರೆ ಬೇರೆ, ಚರ್ಚಿನ ಕಣ್ಣಿಗೆ ಗಂಡ ಹೆಂಡತಿ.

ಆ ವರ್ಷ ಮೊದಲ ಹಿಮ ಬಿದ್ದ ಬೆಳಿಗ್ಗೆ ಮಿಲೋ ಸ್ಟೀರಿಂಗನ್ನು ಹಗ್ಗದಲ್ಲಿ ಕಟ್ಟುತ್ತಿದ್ದ. ಒಬ್ಬಂಟಿಗರು ಹಾಗೆ ಮಾಡುತ್ತಾರೆ. ಗಾಡಿ ತನ್ನಷ್ಟಕ್ಕೆ ತೆವಳುತ್ತಿರುತ್ತದೆ, ಇವರು ಹಿಂದೆ ಹತ್ತಿ ಹುಲ್ಲು ಎಸೆಯುತ್ತಿರುತ್ತಾರೆ, ಕೊನೆಗೆ ಎಲ್ಲರೂ ಬೇಲಿಯಲ್ಲಿರುತ್ತಾರೆ. ಅಷ್ಟರಲ್ಲಿ ಆರ್ಡಿಸಳ ಕಾರು ಬಂತು. ಇಳಿದಳು, ಹಗ್ಗ ಬಿಚ್ಚಿದಳು, ಕೂತಳು. ಮಿಲೋ ಹಿಂದೆ ಹತ್ತಿದ. ಕೆಲಸ ಮುಗಿದ ಮೇಲೆ ಅವಳು ಮನೆಯೊಳಕ್ಕೆ ಕಾಲಿಡದೆ ಕಾರು ಹತ್ತಿ ಹೋದಳು. ಮಾರನೆಯ ದಿನವೂ ಬಂದಳು. ಹೀಗೆ ಹತ್ತೊಂಬತ್ತು ಚಳಿಗಾಲ. ವಸಂತದಲ್ಲಿ ಹುಲ್ಲು ಚಿಗುರಿದ ದಿನ ಬರುವುದು ನಿಲ್ಲಿಸುತ್ತಾಳೆ. ಬೇಸಿಗೆಯಲ್ಲಿ ಇಬ್ಬರೂ ಅಂಚೆ ಕಚೇರಿಯಲ್ಲಿ ಎದುರಾದರೆ ತಲೆಯಾಡಿಸಿ ಹೋಗುತ್ತಾರೆ. ಒಟ್ಟಿನಲ್ಲಿ ವರ್ಷಕ್ಕೆ ಆರು ತಿಂಗಳು ಅವರಿಗೆ ವಿಚ್ಛೇದನ, ಆರು ತಿಂಗಳು ಮೇವು.

ಊರ ಬಾಯಿಗೆ ಬೀಗವಿಲ್ಲ ಅನ್ನುತ್ತಾರೆ. ನಾಲ್ಕನೆಯ ಚಳಿಗಾಲದ ಹೊತ್ತಿಗೆ ಊರೂ ಸುಸ್ತಾಗಿ ಬೀಗ ಹಾಕಿಕೊಂಡಿತು.

ಹಳೆಯ ಪಿಕಪ್ಪಿನ ತಳ ತುಕ್ಕು ತಿಂದು, ಆರ್ಡಿಸಳ ಕಾಲ ಬಳಿ ಹಿಮ ಕಾಣುವಷ್ಟು ತೂತಾಗಿತ್ತು. ಮಿಲೋ ಹೊಸದು ಕೊಂಡದ್ದಕ್ಕೆ ಕಾರಣ ಅದೇ ಅಂತ ನನ್ನ ಗುಮಾನಿ. ಅವನಾಗಿ ಹೇಳಲಿಲ್ಲ.

ಸುದ್ದಿ ಕೆಫೆಗೆ ಹೋಯಿತು. ಅಲ್ಲಿ ಬೆಳಿಗ್ಗೆ ಆರಕ್ಕೆ ಉದ್ದ ಮೇಜಿಗೆ ಗಂಡಸರು ಸೇರುತ್ತಾರೆ, ಚರ್ಮದ ಲೋಟದಲ್ಲಿ ದಾಳ ಕುಲುಕುತ್ತಾರೆ, ಸೋತವನು ಎಲ್ಲರ ಕಾಫಿಗೂ ಕೊಡುತ್ತಾನೆ. ದಾಳ ಸುತ್ತು ಬರುವಷ್ಟರಲ್ಲಿ ಜಗತ್ತಿನ ಸಮಸ್ಯೆಗಳೆಲ್ಲ ಬಗೆಹರಿದಿರುತ್ತವೆ. ಅವತ್ತು ಮಿಲೋನ ಗಾಡಿಯ ಸರದಿ.

"ಬೇಲ್ ಬೆಡ್ ಹಾಕಿಸು. ಮುಗೀತು," ಅಂದ ಡೆಲ್ಮರ್.

ಡೆಲ್ಮರ್ ಮಿಲೋನ ಪಕ್ಕದ ರ್‍ಯಾಂಚಿನವನು. ನನ್ನ ಅಂಗಡಿಯ ಅರ್ಧ ಮಾಲು ಅವನ ಗಾಡಿಯ ಮೇಲಿದೆ. ಮೂರು ಸಾಲು ದೀಪ, ಹೂತುಹೋದ ಗಾಡಿ ಎಳೆಯಲೆಂದು ಹಾಕಿಸಿ ಒಂದು ಸಲವೂ ಯಾರನ್ನೂ ಎಳೆಯದ ವಿಂಚು, ಏಣಿ ಇಲ್ಲದೆ ಹತ್ತಲಾಗದಂಥ ಚಕ್ರ. ಅದರಲ್ಲಿ ಇಲ್ಲದ್ದು ಅಂದರೆ ಕಕ್ಕಸು ಒಂದೇ. ಆದರೆ ಈ ವಿಷಯದಲ್ಲಿ ಅವನ ಮಾತು ಸರಿಯಾಗೇ ಇತ್ತು. ದನ ಇರುವವರು ಪಿಕಪ್ ಕೊಂಡರೆ ಹಿಂದಿನ ಬಾಡಿಯನ್ನು ಕಿತ್ತು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಎರಡು ಕಬ್ಬಿಣದ ತೋಳಿರುವ ಹಲಗೆ ಕೂರಿಸುತ್ತಾರೆ. ತೋಳುಗಳು ಹುಲ್ಲಿನ ಸುರುಳಿಯನ್ನು ಎರಡು ಪಕ್ಕದಿಂದ ಅಮುಕಿ ಎತ್ತಿಕೊಳ್ಳುತ್ತವೆ. ಹೊಲಕ್ಕೆ ಹೋಗಿ ಕೆಳಗಿಳಿಸಿ ಗಾಡಿ ಓಡಿಸಿದರೆ ಸುರುಳಿ ಜಮಖಾನ ಹಾಸಿದಂತೆ ಬಿಚ್ಚಿಕೊಳ್ಳುತ್ತದೆ. ಸ್ವಿಚ್ಚೆಲ್ಲ ಡ್ರೈವರಿನ ಕೈಯಲ್ಲಿ. ಹಿಂದೆ ಯಾರೂ ನಿಲ್ಲಬೇಕಾಗಿಲ್ಲ. ಅದನ್ನು ಮಾಡುವವರು ಕಳಿಸುವ ಬಣ್ಣದ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ: ಒಬ್ಬರೇ ಸಾಕು.

"ನಾನು ಹಾಕ್ಸಿ ಒಂಬತ್ ವರ್ಷ ಆಯ್ತು," ಅಂದ ಡೆಲ್ಮರ್. "ಅವತ್ತಿಂದ ನಮ್ಮನೆಯವಳು ಎಂಟು ಗಂಟೆಗೆ ಮುಂಚೆ ಹಾಸಿಗೆ ಬಿಟ್ಟಿಲ್ಲ. ಪಾಪ ಆರ್ಡಿಸ್‌ಗೂ ವಯಸ್ಸಾಯ್ತು. ಬಿಟ್ಬಿಡೋ ಅವಳನ್ನ."

"ನೋಡ್ತೀನಿ," ಅಂದ ಮಿಲೋ.

"ಏನ್ ನೋಡ್ತೀಯ? ಇವ್ನು ಎಂಜಲು ಕೈಲಿ ಕಾಗೆ ಓಡ್ಸಲ್ಲ ಕಣ್ರೋ."

ಎಲ್ಲರೂ ನಕ್ಕರು. ಮಿಲೋ ದಾಳ ಕುಲುಕಿದ, ಸೋತ, ಹನ್ನೊಂದು ಕಾಫಿಗೆ ದುಡ್ಡಿಟ್ಟು ಎದ್ದುಹೋದ.

ಜುಗ್ಗತನವಾಗಿದ್ದರೆ ನನಗೂ ಅರ್ಥವಾಗುತ್ತಿತ್ತು. ಮುಂದಿನ ಐದು ವಾರದಲ್ಲಿ ಮಿಲೋ ನನ್ನ ಅಂಗಡಿಗೆ ಒಂಬತ್ತು ಸಲ ಬಂದ. ಕಾಲಡಿಯ ರಬ್ಬರ್ ಮ್ಯಾಟು ಹಾಕಿಸಿದ. ಜಿಂಕೆ ಗುದ್ದಿದರೆ ಇಂಜಿನ್ನು ಉಳಿಯಲಿ ಅಂತ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ. ಸೀಟ್ ಕವರುಗಳಲ್ಲಿ ಕಂದು ಬಣ್ಣದ್ದು ಒಯ್ದು, ಮೂರು ದಿನ ಬಿಟ್ಟು ವಾಪಸು ತಂದು, ಬೂದು ಬಣ್ಣದ್ದು ಒಯ್ದ. ಹತ್ತುವುದಕ್ಕೆ ಮೆಟ್ಟಿಲು ಹಾಕಿಸಿದ, ಅದೂ ಡ್ರೈವರಿನ ಬದಿಗೆ ಮಾತ್ರ. ಅಷ್ಟಾದ ಮೇಲೆ ಹಿಂದಿನ ಬಾಡಿಯ ಒಳಮೈಗೆಲ್ಲ ರಬ್ಬರಿನ ಲೇಪ ಹಾಕು ಅಂದ. ಚೆನ್ನಾಗಿ ದಪ್ಪಗೆ ಹಾಕಬೇಕಂತೆ, ನಿಂತರೆ ಕಾಲು ಜಾರಬಾರದಂತೆ.

"ಕೆಡವೋ ಮನೆಗೆ ಸುಣ್ಣ ಹೊಡೀತಾರೇನೋ," ಅಂದೆ. "ಬಾಡೀನೇ ಕೀಳೋದಲ್ವಾ?"

"ಕೀಳ್ತೀನಿ ಅಂತ ನಾನು ಹೇಳಿದ್ನಾ?"

ಹೇಳಿರಲಿಲ್ಲ. ನಾನು ಸುಣ್ಣ ಹೊಡೆದೆ. ಅಳೆದೂ ಸುರಿದೂ ಕೊಳ್ಳುವ ಗಿರಾಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೇಕಾದ ಒಂದನ್ನು ಬಿಟ್ಟು ಬೇಡದ್ದನ್ನೆಲ್ಲ ಕೊಳ್ಳುವವನನ್ನು ನೋಡಿದ್ದು ಇವನನ್ನೇ ಮೊದಲು.

ಅಕ್ಟೋಬರಿನ ಮೊದಲ ವಾರ ಲೇಪದ ಗಾಡಿ ಒಯ್ಯಲು ಬಂದವನು ಕೌಂಟರಿನ ಮೇಲಿದ್ದ ಬೇಲ್ ಬೆಡ್ಡಿನ ಬಣ್ಣದ ಕಾಗದ ಎತ್ತಿಕೊಂಡ. ಕನ್ನಡಕ ಹಾಕಿಕೊಂಡು ಓದಿದ. ಆ ದಪ್ಪಕ್ಷರದ ಕೆಳಗೆ ಬೆರಳಿಟ್ಟ.

"ಇದು ನಿಜಾನಾ?"

"ನಿಜ. ಒಬ್ಬರೇ ಸಾಕು."

"ಇಬ್ರು ಬೇಕಾಗೋ ಅಂಥದ್ದು ಯಾರೂ ಮಾಡಲ್ವಾ?"

ನಕ್ಕುಬಿಟ್ಟೆ. ಕೆಲಸಕ್ಕೆ ಆಳು ಹೆಚ್ಚು ಬೇಕಾಗುವ ಯಂತ್ರ ಕೊಡಿ ಅಂತ ನನ್ನ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಅವನ ಮುಖ ನೋಡಿದೆ. ಅವನು ತಮಾಷೆ ಮಾಡಿರಲಿಲ್ಲ. ಕಾಗದವನ್ನು ಮಡಿಕೆಗಳ ಗುಂಟ ಮಡಿಸಿ, ಎಲ್ಲಿತ್ತೋ ಅಲ್ಲಿಟ್ಟ. ಆಗ ನನ್ನ ಮಂಡೆಗೆ ಹೋಯಿತು. ತೋಳು ಬಂದರೆ ಆರ್ಡಿಸ್ ಬರುವುದಿಲ್ಲ. ಅವನಿಗಿದ್ದ ಚಿಂತೆ ಅದೊಂದೇ, ಮ್ಯಾಟು ಗಾರ್ಡು ಸೀಟ್ ಕವರು ಎಲ್ಲ ಅದರ ಸುತ್ತ ಹಾಕಿದ ಪ್ರದಕ್ಷಿಣೆ.

ರಸೀದಿಗೆ ಸಹಿ ಮಾಡು ಅಂದೆ. ಎಡಗೈಯಲ್ಲಿ ಮಾಡಿದ. ಕೋಳಿ ಕೆದರಿದ ಹಾಗಿತ್ತು.

"ಬಲಗೈಗೆ ಏನಾಯ್ತು?"

"ಏನಿಲ್ಲ."

"ಮಿಲೋ."

"ಹೆಗಲು. ಒಳಗೇನೋ ಹರಿದಿದೆಯಂತೆ. ಮಾರ್ಚಿನಲ್ಲಿ ಡಾಕ್ಟ್ರು ಹೇಳಿದ್ರು, ಇನ್ಮೇಲೆ ಕವೆ ಹಿಡೀಬೇಡ ಅಂತ."

"ಮತ್ತೆ ಈ ಚಳಿಗಾಲ ಏನ್ ಮಾಡ್ತೀಯ?"

"ಎಡಗೈ ಅಭ್ಯಾಸ ಮಾಡ್ತಿದೀನಿ."

ಬೇಸಿಗೆಯಿಡೀ ಕೊಟ್ಟಿಗೆ ಹಿಂದೆ, ಯಾರಿಗೂ ಕಾಣದ ಹಾಗೆ, ಎಡಗೈಯಲ್ಲಿ ಹುಲ್ಲು ಎಸೆದಿದ್ದನಂತೆ. ಈಗ ಒಂದು ಸುರುಳಿ ಮುಗಿಸಲು ಐವತ್ತು ನಿಮಿಷ ಸಾಕಂತೆ. ಸ್ವಲ್ಪ ಜಂಬದಿಂದಲೇ ಹೇಳಿದ. ನನಗೆ ಅವನ ಮೇಲೆ ಸಿಟ್ಟು ಬಂತು.

"ಅವಳಿಗೇ ಹೇಳೋ," ಅಂದೆ.

"ಏನಂತ?"

"ತೋಳು ಬಂದ್ರೂ ಬಾ ಅಂತ."

"ಕೆಲ್ಸ ಇಲ್ದೆ ಯಾಕೆ ಬರ್ತಾಳೆ?"

ನಮ್ಮ ಕಡೆ ಕೆಲಸವಿಲ್ಲದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಹೋಗಬೇಕು ಅನ್ನಿಸಿದರೆ ಮೊದಲು ಒಂದು ಕೆಲಸ ಹುಡುಕುತ್ತೇವೆ. ನಮ್ಮಪ್ಪ ತನ್ನ ಅಣ್ಣನ ಮನೆಗೆ ಹೋಗಬೇಕೆನಿಸಿದಾಗ ಅವನ ಸ್ಪ್ಯಾನರು ಎರವಲು ತರುತ್ತಿದ್ದ, ಮತ್ತೆ ನೋಡಬೇಕೆನಿಸಿದಾಗ ವಾಪಸು ಕೊಡುತ್ತಿದ್ದ. ಮನೆಯಲ್ಲಿ ಅದೇ ಅಳತೆಯ ಸ್ಪ್ಯಾನರು ನಾಲ್ಕಿದ್ದವು. ಸುಮ್ಮನೆ ಬಾ ಅಂತ ಕರೆಯುವುದು ಇಲ್ಲಿ ಕಾಯಿಲೆ ಬಿದ್ದವರು ಮಾತ್ರ.

ಹತ್ತು ದಿನದ ಮೇಲೆ ಆರ್ಡಿಸ್ ಅಂಗಡಿಗೆ ಬಂದಳು. ವೈಪರ್ ಬೇಕು ಅಂದಳು. ಕಾರಿನ ಮೇಲೆ ಇದ್ದ ವೈಪರು ಆಗಸ್ಟಿನಲ್ಲಿ ನಾನೇ ಹಾಕಿದ್ದು. ಒಂದು ಡಬ್ಬಿಯಲ್ಲಿ ಗಸಗಸೆ ತುಂಬಿದ ಕೊಲಾಚೆ ಬನ್ನು ತಂದಿದ್ದಳು. ಅರವತ್ತಾರು ವಯಸ್ಸು, ಕಡ್ಡಿಯಂಥ ಮೈ. ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಈ ಊರಿನ ಅರ್ಧ ಜನ ಅವಳ ಸೌಟಿನ ಏಟು ತಿಂದವರು, ನಾನೂ ಸೇರಿ.

"ಅವನಿಗೆ ಆ ತೋಳು ಯಾವಾಗ ಹಾಕ್ತೀಯ?" ಅಂದಳು.

"ಅವನು ಕೇಳಿಲ್ಲ."

"ಅವನು ಕೇಳೋದನ್ನ ಕಾಯ್ತಾ ಕೂತ್ರೆ ನಿನ್ನ ಅಂಗಡಿ ಮೇಲೆ ಮರ ಬೆಳೆಯುತ್ತೆ. ಹಾಕು. ನಾನು ಹೇಳ್ದೆ ಅನ್ನು."

"ಅವನ ಹೆಗಲಿನ ವಿಷಯ…"

"ನನ್ಗೇನು ಕಣ್ಣಿಲ್ವಾ? ಎರಡು ಗಂಟೆ ಹೊತ್ತು ಕನ್ನಡೀಲಿ ಅವನನ್ನೇ ನೋಡ್ತಾ ಓಡಿಸ್ತೀನಿ. ಫೆಬ್ರವರಿಯಿಂದ ಬಲಗೈ ಎದೆಗಿಂತ ಮೇಲೆ ಏಳ್ತಿಲ್ಲ."

ಇನ್ನೊಬ್ಬರ ಸಂಸಾರದಲ್ಲಿ ತಲೆ ಹಾಕುವ ಅಭ್ಯಾಸ ನನಗಿಲ್ಲ. ಅಂದರೆ, ಇದೆ, ಆದರೆ ಅವರ ಎದುರಿಗೆ ಹಾಕುವ ಅಭ್ಯಾಸವಿಲ್ಲ.

"ಅಲ್ಲ ಆರ್ಡಿಸ್, ಅದು ಬಂದ್ರೆ ಒಬ್ಬರೇ ಸಾಕಾಗುತ್ತೆ. ನೀನು ಬರೋದು…"

ಅವಳು ನನ್ನನ್ನೇ ನೋಡಿದಳು. ಎರಡನೆಯ ಸಲ ಬಡಿಸು ಅಂತ ಬಂದ ಹುಡುಗರನ್ನು ನೋಡುತ್ತಿದ್ದ ನೋಟ.

"ಈ ಅಂಗಡಿ ಇಟ್ಟು ಎಷ್ಟು ವರ್ಷ ಆಯ್ತು ನಿಂಗೆ?"

"ಇಪ್ಪತ್ತಾರು."

"ಇನ್ನೂ ಗೊತ್ತಾಗಿಲ್ಲ ನಿಂಗೆ, ಆ ಯಂತ್ರ ಯಾರ ಕೆಲ್ಸ ಮಾಡುತ್ತೆ ಅಂತ," ಅಂದು ಡಬ್ಬಿ ಅಲ್ಲೇ ಬಿಟ್ಟು ಹೋದಳು. ವೈಪರನ್ನೂ ಅಲ್ಲೇ ಬಿಟ್ಟು ಹೋದಳು. ಅವಳ ಮಾತಿನ ಅರ್ಥ ನನಗೆ ಆಗ ಹತ್ತಲಿಲ್ಲ. ಬನ್ನು ಮಾತ್ರ ಚೆನ್ನಾಗಿತ್ತು.

ಸಂಜೆ ಮಿಲೋಗೆ ಫೋನು ಮಾಡಿ, ಆರ್ಡಿಸ್ ಬಂದಿದ್ದಳು, ತೋಳು ಹಾಕಿಸು ಅಂದಳು ಅಂತ ಹೇಳಿದೆ. ಒಳ್ಳೆಯ ಸುದ್ದಿ ಅಂತಲೇ ಹೇಳಿದೆ.

"ಅವಳೇ ಹೇಳಿದ್ಳಾ?"

"ಅವಳೇ."

"ಹಂಗಾದ್ರೆ ಅವಳಿಗೇ ಸಾಕಾಗಿದೆ."

"ಹಂಗೇನಿಲ್ಲ ಕಣೋ…"

"ಹತ್ತೊಂಬತ್ ವರ್ಷ. ಯಾರಿಗಾದ್ರೂ ಸಾಕಾಗುತ್ತೆ. ಹಾಕ್ಬಿಡು ರಾಯ್ಸ್."

ನಾನು ಬಾಯಿಬಿಟ್ಟು ಕೆಡಿಸಿದೆ ಅನ್ನಿಸಿತು. ತಿದ್ದುವುದು ಹೇಗೆಂದು ತಿಳಿಯಲಿಲ್ಲ. ಅವಳು ಏನು ಅಂದುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ, ಅವನು ಕೇಳುವವನಲ್ಲ, ಅವಳು ಹೇಳುವವಳಲ್ಲ. ಇಂಥವರ ಮಧ್ಯೆ ನಾನೊಬ್ಬ ಕೊಕ್ಕೆ ಸರಪಳಿ ಮಾರುವವನು.

ತೋಳಿನ ಹಲಗೆ ನವೆಂಬರ್ ಎರಡನೆಯ ವಾರ ಬಂತು. ಬಾಡಿ ಬಿಚ್ಚುವ ದಿನ ಮಿಲೋ ಬಂದು ಮೂಲೆಯಲ್ಲಿ ನಿಂತ. ಎಂಟು ಬೋಲ್ಟು ಬಿಚ್ಚಿ, ವೈರು ಕಳಚಿ, ಸರಪಳಿ ಕಟ್ಟಿ ಮೇಲೆತ್ತಿದೆ. ಒಳಗೆಲ್ಲ ಕಪ್ಪು ರಬ್ಬರ್ ಲೇಪದ, ಒಂದು ಗೀರೂ ಬೀಳದ ಬಾಡಿ ಗಾಳಿಯಲ್ಲಿ ತೂಗುತ್ತಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಹೊಸ ಹಲಗೆ ಕೂರಿಸಿ, ಸ್ವಿಚ್ಚುಗಳನ್ನು ಸ್ಟೀರಿಂಗಿನ ಪಕ್ಕ ಹಾಕಿ, ಎತ್ತುವುದು ಅಮುಕುವುದು ತೋರಿಸಿಕೊಟ್ಟೆ. ಶ್ರದ್ಧೆಯಿಂದ ಕಲಿತ. ಎಡಗೈಯಲ್ಲೇ ಒತ್ತಿದ.

ಮೊದಲ ಸಲ ಭಾರ ಎತ್ತುವಾಗ ಎಣ್ಣೆಯ ಪೈಪು ಸೋರಬಹುದು, ಹಾಗಾಗಿ ಮೇವಿನ ಮೊದಲ ದಿನ ನಾನು ಗಿರಾಕಿಯ ಜತೆ ಹೋಗುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಸೋಮವಾರ ಹಿಮ ಬಿತ್ತು. ಏಳು ಗಂಟೆಗೆ ನಾನು ಅವನ ಅಂಗಳಕ್ಕೆ ಹೋದಾಗ ಮಿಲೋ ಆಗಲೇ ಗಾಡಿ ಸ್ಟಾರ್ಟ್ ಮಾಡಿ ಡ್ರೈವರಿನ ಸೀಟಿನಲ್ಲಿ ಕೂತಿದ್ದ. ಹೊಸದಾಗಿ ಕ್ಷೌರ ಮಾಡಿಕೊಂಡಿದ್ದ. ನಾನು ಹಿಂದಿನ ಸೀಟು ಹತ್ತಿದೆ. ಹೊರಡಲಿಲ್ಲ. ಇಂಜಿನ್ನು ಬಿಸಿಯಾಗಲಿ ಅಂದ. ಇಂಜಿನ್ನು ಬಿಸಿಯಾಯಿತು. ಗಾಜಿನ ಮಂಜು ಕರಗಲಿ ಅಂದ. ಅದೂ ಕರಗಿತು. ಏಳೂಕಾಲಾಯಿತು. ಅವಳು ಪ್ರತಿವರ್ಷ ಏಳೂಕಾಲಿಗೆ ಬರುತ್ತಿದ್ದಳು. ಅವನು ರಸ್ತೆಯ ಕಡೆ ನೋಡುತ್ತಿರಲಿಲ್ಲ. ನೋಡದೇ ಇರಲು ಅವನು ಪಡುತ್ತಿದ್ದ ಕಷ್ಟ ಹಿಂದಿನ ಸೀಟಿನಲ್ಲಿದ್ದ ನನಗೂ ಕಾಣುತ್ತಿತ್ತು.

"ಸರಿ. ಹೋಗೋಣ," ಅಂತ ಗೇರಿಗೆ ಕೈ ಹಾಕಿದ.

ಆಗ ಆರ್ಡಿಸಳ ಕಾರು ಗೇಟಿನೊಳಗೆ ಬಂತು. ಅದೇ ಜಾಗದಲ್ಲಿ ನಿಂತಿತು. ಅವಳು ಇಳಿದು, ಕೈಗವಸು ಏರಿಸಿಕೊಳ್ಳುತ್ತ ನೇರ ಬಂದು ಡ್ರೈವರಿನ ಬದಿಯ ಬಾಗಿಲು ತೆರೆದಳು.

ಮಿಲೋ ಅಲ್ಲಿ ಕೂತಿದ್ದ.

"ಆ ಕಡೆ ಸರ್ಕೋ," ಅಂದಳು.

ಅವನು ಕದಲಲಿಲ್ಲ. "ಆರ್ಡಿಸ್, ಈಗ ಇದಕ್ಕೆ ಒಬ್ರೇ ಸಾಕು."

"ಗೊತ್ತು. ನಾನು ಬಂದಿದೀನಲ್ಲ."

"ಅಲ್ಲ, ಅಂದ್ರೆ…"

"ಹುಲ್ಲು ಎಸೆಯೋನ ಕೆಲ್ಸ ಹೋಯ್ತು ಮಿಲೋ. ಓಡ್ಸೋರ ಕೆಲ್ಸ ಎಲ್ಲಿ ಹೋಯ್ತು? ಇದೇನು ತಾನಾಗೇ ಓಡುತ್ತಾ?"

ಇಡೀ ಊರು, ಹನ್ನೊಂದು ಜನರ ಕಾಫಿ ಮೇಜು, ಇಪ್ಪತ್ತಾರು ವರ್ಷ ಇದನ್ನೇ ಮಾರಿದ ನಾನು, ಎಲ್ಲರೂ ಮನಸ್ಸಿನಲ್ಲಿ ಮನೆಗೆ ಕಳಿಸಿದ್ದು ಆರ್ಡಿಸಳನ್ನು. ಆ ತೋಳುಗಳು ಮಾಡುವುದು ಮಿಲೋನ ಕೆಲಸ. ಒಬ್ಬರೇ ಸಾಕು ಅಂತ ಬರೆದಿದ್ದರೇ ಹೊರತು ಆ ಒಬ್ಬರು ಯಾರು ಅಂತ ಬರೆದಿರಲಿಲ್ಲ. ಡೆಲ್ಮರ್ ಹೆಂಡತಿಯನ್ನು ಕೇಳದೆಯೇ ತಾನು ಸ್ಟೀರಿಂಗ್ ಹಿಡಿದಿದ್ದ, ನಾವೆಲ್ಲ ಅದನ್ನೇ ಯಂತ್ರದ ಗುಣ ಅಂದುಕೊಂಡಿದ್ದೆವು.

ಮಿಲೋ ಮಧ್ಯದ ಪೆಟ್ಟಿಗೆಯ ಮೇಲೆ ಕಾಲು ದಾಟಿಸಿ, ಹೆಗಲು ಹಿಡಿದುಕೊಂಡು ಆ ಕಡೆಯ ಸೀಟಿಗೆ ಸರಿದ. ಆರ್ಡಿಸ್ ಮೆಟ್ಟಿಲು ತುಳಿದು ಹತ್ತಿದಳು, ಕನ್ನಡಿ ಸರಿಮಾಡಿಕೊಂಡಳು, ಸ್ವಿಚ್ಚುಗಳ ಮೇಲಿನ ಬರಹ ಒಂದು ಸಲ ಓದಿದಳು. ಗಾಡಿಯನ್ನು ಹಿಮ್ಮುಖ ಓಡಿಸಿ ಸುರುಳಿಯ ಮಧ್ಯಕ್ಕೆ ಸರಿಯಾಗಿ ನಿಲ್ಲಿಸಿದಳು. ತೋಳು ಅಮುಕಿತು, ಎತ್ತಿತು. ಪೈಪು ಸೋರಲಿಲ್ಲ. ಅವತ್ತು ನನಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಹಿಂದಿನ ಸೀಟಿನಲ್ಲಿ ಸಾಧ್ಯವಾದಷ್ಟು ಸಣ್ಣಗೆ ಕೂತೆ.

ಮಿಲೋ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಯಾರೋ ಅವನಿಗೆ ಹಿಡಿದುಕೊಂಡಿರಲು ಕೊಟ್ಟುಹೋದ ಸಾಮಾನಿನ ಹಾಗೆ.

"ಈಗ ನಾನೇನ್ ಮಾಡ್ಲಿ?"

"ಗೇಟು," ಅಂದಳು.

ಅವನ ಹೊಲದಲ್ಲಿ ಐದು ಗೇಟು. ಪಕ್ಕದ ಸೀಟಿನಲ್ಲಿ ಕೂತವರು ಇಳಿದು ತೆಗೆಯಬೇಕು, ಗಾಡಿ ದಾಟಿದ ಮೇಲೆ ಹಾಕಿ ಹತ್ತಬೇಕು. ಇದು ಇಲ್ಲಿ ಮಕ್ಕಳು, ಅತಿಥಿಗಳು ಮಾಡುವ ಕೆಲಸ. ಮಿಲೋ ತನ್ನ ಹೊಲದ ಗೇಟನ್ನು ಅತಿಥಿಯ ಹಾಗೆ ತೆಗೆದ, ಹಾಕಿದ, ಬೂಟಿನ ಹಿಮ ಕೊಡವಿ ಹತ್ತಿದ. ಎರಡನೆಯದೂ ಹಾಗೇ. ಎರಡು ಗೇಟಿನ ಮಧ್ಯೆ ಇಬ್ಬರೂ ಗಾಜಿನಾಚೆ ನೋಡುತ್ತಿದ್ದರು. ಇಷ್ಟು ವರ್ಷ ಅವರ ಮಧ್ಯೆ ಹಿಂಬದಿಯ ಗಾಜು, ಹುಲ್ಲಿನ ಧೂಳು, ಗಾಳಿ ಇದ್ದವು. ಈಗ ಎರಡು ಕಾಫಿ ಲೋಟ ಇಡುವ ಜಾಗ ಮಾತ್ರ ಇತ್ತು. ಇಬ್ಬರಿಗೂ ಅದು ಹೊಸದು, ಗಾಡಿಗಿಂತ ಹೊಸದು.

ಮೂ‌ರನೆಯ ಗೇಟು ದಾಟಿದ ಮೇಲೆ ಆರ್ಡಿಸ್, ದಾರಿಯಿಂದ ಕಣ್ಣು ತೆಗೆಯದೆ, "ಹತ್ತೊಂಬತ್ತು ಚಳಿಗಾಲ ನೀನು ಹಿಂದುಗಡೆ ನಿಂತಿದ್ದೆ," ಅಂದಳು. "ಇವತ್ತು ಪಕ್ಕದಲ್ಲಿ ಕೂತಿದೀಯ. ಏನಾದ್ರೂ ಮಾತಾಡು."

ಮಿಲೋ ಯೋಚಿಸಿದ. ಮೂರನೆಯ ಗೇಟಿಗೂ ನಾಲ್ಕನೆಯದಕ್ಕೂ ಮುಕ್ಕಾಲು ಮೈಲಿ, ಅದೂ ದನದ ನಡಿಗೆಯಲ್ಲಿ. ಅಷ್ಟುದ್ದಕ್ಕೂ ಯೋಚಿಸಿದ. ನನಗೆ ಅವನ ತಲೆಗೊಂದು ಬಾರಿಸೋಣ ಅನ್ನಿಸಿತು. ನಾಲ್ಕನೆಯ ಗೇಟು ಬಂತು, ಅವನು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ. ಚಳಿಗಾಳಿ ಒಳಗೆ ನುಗ್ಗಿತು. ಅಲ್ಲೇ ನಿಂತ.

"ಬೇಸಿಗೇಲೂ ಗೇಟು ಇರುತ್ತೆ," ಅಂದ.

ಅಷ್ಟು ಹೇಳಿ ಇಳಿದು, ಬಾಗಿಲು ಹಾಕಿ, ಹಿಮದಲ್ಲಿ ಕಾಲೆಳೆಯುತ್ತ ಹೋದ. ಚಿಲಕ ಹೆಪ್ಪುಗಟ್ಟಿತ್ತು. ಎಡಗೈಯಲ್ಲಿ ಗುದ್ದುತ್ತಿದ್ದ.

ಆರ್ಡಿಸ್ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿದಳು. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದಳು, ಮತ್ತೊಮ್ಮೆ ಒರೆಸಿದಳು, ಹಾಕಿಕೊಂಡಳು.

"ರಾಯ್ಸ್," ಅಂದಳು.

"ಹ್ಞೂಂ?"

"ಈ ಗಾಡೀಲಿ ಏಸಿ ಇದ್ಯಾ?"

ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. "ಇದೆ," ಅಂದೆ.

"ಕೆಲ್ಸ ಮಾಡುತ್ತಾ ನೋಡು," ಅಂದಳು ಆರ್ಡಿಸ್.